ವಿಭೂತಿ ಹಚ್ಚಿಕೊಂಡರೆ ಒಪ್ಪಿದ ಹಾಗೆಯೇ?

ನನ್ನ ಮಾವ ಲಂಡನ್ ನೋಡಿದವರಲ್ಲ. ಉಮರ್ಗಾ ದಾಟಿ ಸೋಲಾಪುರದ ಆಸ್ಪತ್ರೆಗೆ ಹೋಗಿ ಬಂದದ್ದೇ ಅವರ ದೊಡ್ಡ ಪ್ರಯಾಣ. ಆದರೂ ಬ್ರಿಟನ್ ದೇಶ ಯುರೋಪಿನ ಒಕ್ಕೂಟ ಬಿಟ್ಟು ಹೋಗುವ ವಿಷಯದಲ್ಲಿ ಅವರಷ್ಟು ತಲೆ ಕೆಡಿಸಿಕೊಂಡ ಮನುಷ್ಯ ನಮ್ಮ ತಾಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಎರಡು ಸಲ ಪಂಚಾಯತ್ ಸಮಿತಿ ಮೆಂಬರ್ ಆಗಿದ್ದವರು, ಮಹಾರಾಷ್ಟ್ರದ ಗಡಿಯೊಳಗಿನ ಯೆಣೆಗೂರಿನ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ರಾಜಕಾರಣ ಮಾಡಿದವರು. ಸಂಜೆ ಮರಾಠಿ ಸುದ್ದಿ ಹಚ್ಚಿದರೆಂದರೆ ನಾನು ಚಹಾ ಇಟ್ಟು ಅಲ್ಲೇ ನಿಲ್ಲಬೇಕು.

"ಯವ್ವಾ, ನಾ ಅಲ್ಲಿ ಇದ್ದಿದ್ರ ಕೂಡೇ ಇರಮಿ ಅಂತ ಓಟ್ ಹಾಕ್ತಿದ್ದೆ. ಬ್ಯಾರಿ ಆದ ಮನಿ ಯಾವುದು ಉದ್ಧಾರ ಆಗ್ಯಾದ? ಆದ್ರ ಮಂದಿಗಿ ಒಮ್ಮೆ ಕೇಳಿದ ಮ್ಯಾಲ ಅವರು ಹೇಳ್ದಂಗ ನಡೀಬೇಕು. ನನಗ ಸೇರಲಿಲ್ಲ, ಮತ್ತೊಮ್ಮೆ ಕೇಳ್ತೀನಿ ಅನ್ನೋದು ತತ್ವ ಅಲ್ಲ."

ಅಲ್ಲಿಯ ಪ್ರಧಾನಿ ಸಂಸತ್ತನ್ನು ಮುಚ್ಚಿಸಿದ್ದು ಕಾಯಿದೆಗೆ ವಿರುದ್ಧ ಎಂದು ಕೋರ್ಟು ಹೇಳಿದ ದಿನ ಮಾವ ತೊಡೆ ತಟ್ಟಿಕೊಂಡರು. "ಶಾಬಾಸ್! ಹೋಗೂದು ಖರೆ, ಆದ್ರ ಬಾಗಲ್ದಾಗಿಂದ ಹೋಗಬೇಕು. ಗ್ವಾಡಿ ಒಡ್ದು ಹೋಗ್ತೀನಂದ್ರ ಕಾಯದಾ ಯಾಕ ಬೇಕು?"

ನಾನು ಆಗ ಸರಪಂಚಳಾಗಿ ಒಂದು ವರ್ಷವಾಗಿತ್ತು. ಮಹಿಳಾ ಮೀಸಲಾತಿ ಬಂತು, ಮಾವ ಮನೆಯೊಳಗೆ ಕಣ್ಣಾಡಿಸಿದರು, ನಾನು ಸಿಕ್ಕೆ. ಅಷ್ಟೇ ಕಥೆ. ನನ್ನ ತವರು ಕರ್ನಾಟಕದ ಆಳಂದದ ಕಡೆ. ಕಲಿತದ್ದು ಕನ್ನಡ ಶಾಲೆಯಲ್ಲಿ, ಮರಾಠಿ ಬಂದದ್ದು ಮದುವೆಯಾದ ಮೇಲೆ. ಪಂಚಾಯತಿಯ ಲೆಕ್ಕಪತ್ರ ಬರೆಯುವ ಗ್ರಾಮಸೇವಕ ಕಾಗದ ತಂದರೆ ಮಾವ ಓದುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಅದು ಹಗುರವೇ ಆಗಿತ್ತು.

ತೊಗರಿ ರಾಶಿ ನಡೆದಿದ್ದ ದಿನಗಳಲ್ಲಿ ಹಳ್ಳದ ಆಚೆಯ ವಾಡಿಯವರು ಎದ್ದರು. ಐವತ್ತು ಅರವತ್ತು ಮನೆಗಳ ವಾಡಿ ಅದು, ನಮ್ಮದೇ ಪಂಚಾಯತಿಗೆ ಸೇರಿದ್ದು. ಒಂದು ದಾಖಲೆ ಬೇಕಾದರೂ ಹಳ್ಳ ದಾಟಿ ಬರಬೇಕು, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ನಮಗೆ ಬೇರೆ ಪಂಚಾಯತಿ ಮಾಡಿಕೊಡಿ, ಗ್ರಾಮಸಭೆಯಲ್ಲಿ ಠರಾವು ತೆಗೆದುಕೊಳ್ಳಿ ಎಂದು ಅರ್ಜಿ ಕೊಟ್ಟರು. ಮಾವನ ಮುಖ ಕಪ್ಪಿಟ್ಟಿತು. ಅವರ ಗಟ್ಟಿ ಓಟುಗಳೆಲ್ಲ ಇದ್ದದ್ದು ಆ ವಾಡಿಯಲ್ಲೇ.

ಸೋಮವಾರ ಎಲ್ಲರನ್ನೂ ಮಠಕ್ಕೆ ಕರೆಸಿದರು. ನಮ್ಮಲ್ಲಿ ಒಂದು ರೂಢಿ ಇದೆ. ಜಗಳವಿರಲಿ, ಪಾಲುಪಟ್ಟಿ ಇರಲಿ, ಹಿರಿಯರು ಮಾತು ಹೇಳಿದ ಮೇಲೆ ಮಠದ ಅಯ್ಯನವರು ವಿಭೂತಿಯ ತಟ್ಟೆ ಹಿಡಿದು ಬರುತ್ತಾರೆ. ಹಣೆ ಕೊಟ್ಟವನು ಮಾತಿಗೆ ಒಪ್ಪಿದ ಹಾಗೆ. ಮಾವ "ವಾಡಿ, ಊರು ಒಂದೇ ಇರಬೇಕು" ಎಂದು ಅರ್ಧ ತಾಸು ಮಾತಾಡಿದರು. ಅಯ್ಯನವರು ತಟ್ಟೆ ಹಿಡಿದು ಬಂದರು. ಊರವರು ಹಣೆ ಕೊಟ್ಟರು. ವಾಡಿಯವರೂ ಕೊಟ್ಟರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನೂ ಕೊಟ್ಟೆ. ಮಾವ ಕೈ ಮುಗಿದು, ಮುಗೀತು ಅಂದರು.

ಮರುದಿನ ಗ್ರಾಮಸೇವಕ ಠರಾವಿನ ಪುಸ್ತಕ ತಂದ. ಮಠದಲ್ಲಿ ಆದದ್ದನ್ನೇ ಗ್ರಾಮಸಭೆ ಎಂದು ಬರೆದಿದ್ದ. ವಾಡಿಯ ಬೇಡಿಕೆಯನ್ನು ಸಭೆ ಒಮ್ಮತದಿಂದ ತಳ್ಳಿಹಾಕಿತು ಎಂದು ಓದಿ ಹೇಳಿದ. ನೋಟಿಸಿಲ್ಲ, ಡಂಗುರವಿಲ್ಲ, ಒಂದು ಕೈ ಎತ್ತಿಸಿಲ್ಲ, ಸಭೆ ಎಲ್ಲಿಂದ ಬಂತು? "ಚಷ್ಮಾ ಇಲ್ಲ, ನಾಳಿಗಿ ನೋಡ್ತೀನಿ" ಎಂದೆ. ಚಷ್ಮಾ ಕೊರಳಲ್ಲೇ ನೇತಾಡುತ್ತಿತ್ತು.

ಮೂರು ದಿನ ಹೀಗೇ ತಳ್ಳಿದೆ. ರೊಟ್ಟಿ ಬಡಿಯುವಾಗಲೂ ಅದೇ ಚಿಂತೆ. ಸಹಿ ಹಾಕಿದರೆ ಸುಳ್ಳು ಕಾಗದಕ್ಕೆ ನಾನೇ ಹೊಣೆ, ವಾಡಿಯವರ ಬಾಯಿಗೆ ಮಣ್ಣು ಹಾಕಿದ ಹಾಗೆ. ಹಾಕದಿದ್ದರೆ ಮೂವತ್ತು ವರ್ಷ ಗೌರವದಿಂದ ತಿರುಗಾಡಿದ ಮನುಷ್ಯನನ್ನು ಮನೆಯ ಸೊಸೆಯೇ ಊರ ಮುಂದೆ ಇಳಿಸಿದ ಹಾಗೆ. ಗಂಡ ಉಮರ್ಗಾದ ಬೀಜದ ಅಂಗಡಿಯಿಂದ ಬಂದು, "ಸುಮ್ನ ಒಂದ್ ಸಹಿ ಹಾಕಿ ಕೈ ತೊಳ್ಕೊ, ನಿನಗ್ಯಾಕ ಇಲ್ಲದ ಉಸಾಬರಿ" ಅಂದ. ಸಹಿ ಅವನದಾಗಿದ್ದರೆ ಗೊತ್ತಾಗುತ್ತಿತ್ತು.

ನಾಲ್ಕನೆಯ ದಿನ ವಾಡಿಯ ಒಬ್ಬ ಮುದುಕಿ ಬಂದಳು. ನನ್ನ ಮೊದಲ ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎರೆದವಳು. ಬಾಗಿಲಲ್ಲೇ ಕುಕ್ಕರಿಸಿ ಕೇಳಿದಳು: "ಅಲ್ಲ ತಾಯಿ, ಅಯ್ಯನೋರು ಹಣಿಗಿ ಕೈ ತಂದ್ರ ಯಾರರೆ ಹಿಂದ ಸರೀತಾರೇನು? ಇಬತ್ತಿ ದೇವರದು. ಅದು ನಮ್ಮ ಓಟ್ ಹ್ಯಾಂಗ ಆಗ್ತದ?"

ನಾನೂ ಹಣೆ ಕೊಟ್ಟವಳೇ ತಾನೆ! ನನ್ನನ್ನು ಯಾರಾದರೂ ಏನಾದರೂ ಕೇಳಿದ್ದರೇನು?

ಅಂದು ಸಂಜೆ ಚಹಾ ಇಟ್ಟು ಮಾವನ ಮುಂದೆ ನಿಂತೆ.

"ಮಾಮಾ, ಆ ಠರಾವಿಗಿ ನಾ ಸಹಿ ಮಾಡಂಗಿಲ್ರಿ."

ಮಾವ ಟೀವಿಯ ಸದ್ದು ಇಳಿಸಿದರು. "ಯಾಕ?"

"ಮಂದಿ ಹೇಳ್ದಂಗ ನಡೀಬೇಕು ಅಂತ ನೀವೇ ಅಂತಿದ್ರಿ, ಇಂಗ್ಲೆಂಡಿನವರಿಗಿ."

"ಅಲ್ಲಿ ಓಟ್ ಆಗಿತ್ತವ್ವಾ!"

"ಇಲ್ಲಿ ಆಗ್ಯಾದೇನ್ರಿ?"

ಮಾವ ನನ್ನನ್ನೇ ದಿಟ್ಟಿಸಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಚಹಾ ಮುಟ್ಟದೆ ಎದ್ದು ಹೊಲದ ಕಡೆ ಹೋದರು. ಹದಿನೈದು ದಿನ ನನ್ನೊಡನೆ ಮಾತಿಲ್ಲ. ಊಟಕ್ಕೆ ಬಡಿಸಿದರೆ ತಟ್ಟೆ ನೋಡಿಕೊಂಡು ಉಣ್ಣುವರು. ನಾನು ಅಡುಗೆಮನೆಯಲ್ಲಿ ಕೂತು ಕಣ್ಣೀರಿಟ್ಟೆ, ಆದರೆ ಅವರು ಚಹಾ ಬಿಟ್ಟು ಎದ್ದುಹೋದ ಮರುದಿನವೇ ಹೋಗಿ ವಾಡಿಯ ವಿಷಯಕ್ಕೆ ನಿಜವಾದ ಗ್ರಾಮಸಭೆ ಕರೆಯುವ ನೋಟಿಸಿಗೆ ಸಹಿ ಹಾಕಿದ್ದೆ.

ಜನವರಿಯಲ್ಲಿ ಧ್ವಜವಂದನೆ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಸಭೆ ಕೂಡಿತು. ಇನ್ನು ಮುಂದೆ ಠರಾವು ಬರೆದದ್ದನ್ನು ಅಲ್ಲೇ ಸಭೆಗೆ ಓದಿ ಹೇಳಿಯೇ ಸಹಿ ಆಗಬೇಕು, ಸರಪಂಚಳೇ ಓದಬೇಕು ಎಂದು ಹಟ ಹಿಡಿದವಳು ನಾನೇ. ವಾಡಿ ಬೇರೆಯಾಗಲಿ ಎನ್ನುವವರು ಕೈ ಎತ್ತಿ ಅಂದೆ. ವಾಡಿಯವರ ಕೈಗಳೆಲ್ಲ ಎದ್ದವು. ನೋಡನೋಡುತ್ತ ನಮ್ಮ ಊರವರದೂ ಬಹಳಷ್ಟು ಎದ್ದವು. ಬೇಡ ಎನ್ನುವವರು ಎಂದು ಕೇಳಿದೆ. ಮಠದಲ್ಲಿ ಹೌದು ಹೌದು ಅಂದಿದ್ದ ಹಿರಿಯರೆಲ್ಲ ನೆಲ ನೋಡುತ್ತ ಕೂತರು. ಎದ್ದದ್ದು ಒಂದೇ ಕೈ, ನಮ್ಮ ಮಾವನದು. ಅವರು ಅದನ್ನು ಬೇಗ ಇಳಿಸಲೂ ಇಲ್ಲ.

"ಬರೀರಿ ಗ್ರಾಮಸೇವಕ್," ಅಂದರು, "ಒಬ್ಬಂದು ವಿರೋಧ ಅದ. ಹೆಸರು ಹಾಕ್ರಿ. ಠರಾವು ಪಾಸ್ ಆಗ್ಯಾದ, ಕಾಯದಿ ಪ್ರಕಾರ ಕಳಸ್ರಿ."

ಬರೆದ ಪುಸ್ತಕ ನನ್ನ ಕೈಗೆ ಬಂತು. ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. ನಮ್ಮಲ್ಲಿ ಸೊಸೆ ಮಾವನ ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೂ ಚೀಟಿ ತೋರಿಸುತ್ತೇವೆ. ಗ್ರಾಮಸೇವಕನಿಗೆ ತಿಳಿಯಿತು, "ಕೊಡ್ರಿ ತಾಯಿ, ಅದೊಂದು ನಾ ಓದ್ತೀನಿ" ಎಂದು ಕೈ ಚಾಚಿದ.

"ಯಾಕ?" ಮಾವ ಅಂದರು. "ಸರಪಂಚ್ ಯಾರು, ನೀ ಏನು? ಓದು ಯವ್ವಾ."

ಹದಿನೈದು ದಿನಗಳಾದ ಮೇಲೆ ನನಗೆ ಆಡಿದ ಮೊದಲ ಮಾತು ಅದು. ನಾನು ಓದಿದೆ, ಅವರ ತಂದೆಯ ಹೆಸರು, ಅಡ್ಡಹೆಸರು ಸಮೇತ. ಹೆಂಗಸರ ಸಾಲಿನಲ್ಲಿ ಯಾರೋ "ಅಯ್ಯ ಶಿವನೇ" ಅಂದರು. ಮಾವ ತಲೆ ಎತ್ತಿ ಕೂತು ಪೂರ್ತಿ ಕೇಳಿಸಿಕೊಂಡು, "ಬರೋಬರ್ ಅದ, ಸಹಿ ಮಾಡು" ಅಂದರು. ಜೀವಮಾನದಲ್ಲಿ ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ, ಅವರು ಸೋತರು ಎಂದು ಊರಿಗೆ ಓದಿ ಹೇಳಲು.