ಆಡಿಗೆ ನಾನು ವಕೀಲನಾದದ್ದು

ಆಗೆಲ್ಲ ಬೈಲಹೊಂಗಲದಲ್ಲಿ ವಕೀಲರೆಂದರೆ ಹುಲಿಗಿಂತ ಒಂದು ತೂಕ ಹೆಚ್ಚು. ನನ್ನ ಸೋದರಮಾವ ಅಂಥ ಹುಲಿ. ಅವ್ವ ತೀರಿದ ಮೇಲೆ ಮುರಗೋಡದಿಂದ ನನ್ನನ್ನು ತಂದು ಅವರ ಮನೆಯಲ್ಲಿ ಬಿಟ್ಟಿದ್ದರು. ಆ ಚಳಿಗಾಲದಲ್ಲಿ ಮನೆಯೊಳಗೆ ನನ್ನೊಡನೆ ಮಾತಾಡಿದ್ದು ಗೂಟಕ್ಕೆ ನೇತುಬಿದ್ದ ಮಾವನ ಕರಿ ಕೋಟು ಒಂದೇ. ಅದೂ ಕರ್ಪೂರದ ವಾಸನೆಯಲ್ಲಿ.

ಓಣಿಯ ಹುಡುಗರು ಚಿಣಿಪಣಿಗೆ, ಅಂದರೆ ಚಿನ್ನಿದಾಂಡಿಗೆ, ನನ್ನನ್ನು ಸೇರಿಸುತ್ತಿರಲಿಲ್ಲ. ಒಂದು ದಿನ ಆಡು ಕಾಯುವ ನಿಂಗಿ, "ಇವ ನಮ್ಮಾಂವ, ಆಡ್ಲಿ ಬಿಡ್ರಿ" ಅಂದಳು. ಬಿಟ್ಟರು. ಮೊದಲ ಹೊಡೆತಕ್ಕೇ ಚಿಣಿಯನ್ನು ಬಾವಿಗೆ ಕಳಿಸಿದೆ. ಆದರೂ ಅವಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು, ಪುಂಡಿಪಲ್ಲೆ ಇಟ್ಟು ಕೊಟ್ಟಳು.

ಮುಂದೆ ನಿಂಗಿಯ ಆಡು ಗೌಡರ ಕಡಲೆ ಮೇಯ್ದಿದೆಯೆಂದು ದೂರು ಬಂತು. ಹಿರಿಯರು ಬೇವಿನ ಕಟ್ಟೆಯಲ್ಲಿ ಕೂಡಿದರು. ತಪ್ಪೆಂದಾದರೆ ಆಡು ಗೌಡರಿಗೆ. ಹೆಣ್ಣುಮಕ್ಕಳು ಕಟ್ಟೆಯ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಅವಳಿಗೆ ಅಪ್ಪ ಇರಲಿಲ್ಲ, ಅವ್ವ ಒಬ್ಬಳೇ.

"ಇವರ ಪರ ಯಾರ ಮಾತಾಡ್ತೀರಿ?" ಅಂದರು ಒಬ್ಬ ಹಿರಿಯರು.

"ನಾನ್ರಿ!" ಎಂದು ಮಾವನ ಕೋಟು ತೊಟ್ಟು ಧುಮುಕಿದೆ. ಕೋಟು ಓಣಿ ಗುಡಿಸುತ್ತಾ ಬಂತು. ಮಾವ ಪಡಸಾಲೆಯಲ್ಲಿ ದಿನಾ ವಾದಿಸುವ ಧಾಟಿಯಲ್ಲೇ ಗುಡುಗಿದೆ: "ಹಿರೀರ! ಈ ಆಡು ಕಡ್ಲಿ ತಿಂದಿಲ್ಲ. ತಿಂದ್ರೂ ಹೊಟ್ಟಿ ತುಂಬ ತಿಂದಿಲ್ಲ. ತುಂಬ ತಿಂದಿದ್ರ ತಪ್ಪು ಗೌಡರ ಬೇಲೀದು!"

ಗೌಡರು ತೊಡೆ ತಟ್ಟಿ ನಕ್ಕರು. "ಅಂದ್ರ ತಿಂದೈತಿ ಅಂತ ನೀನ ಒಪ್ಪಿದ್ಯಲ್ಲೋ ವಕೀಲಪ್ಪ!"

ಬೇವಿನ ಎಲೆ ಕೂಡ ನಕ್ಕಂತಾಯಿತು. ಆಡಿನ ಹಗ್ಗ ಗೌಡರ ಕೈಗೆ ಹೋಯಿತು.

"ಕಡ್ಲಿ ಮೇಯ್ದೈತಿ ಅಂದ ದಿನ ಅದು ಮನ್ಯಾಗ ಮರಿ ಹಾಕಾಕ ಹತ್ತಿತ್ತೋ," ಅಂದಳು ನಿಂಗಿ. "ನನ್ನ ಒಂದ ಮಾತು ಕೇಳಬಾರ್ದಿತ್ತೇನ?"

"ಈಗರ ಹೇಳ್ಲೇನ?"

"ಸಾಕೋ. ಅವರು ಎದ್ದ ಹೋದ್ರು."

ತಾಯಿಗಾಗಿ ಅರಚುವ ಮರಿಯನ್ನು ಅವುಚಿಕೊಂಡು, ನಿಂಗಿ ತನ್ನವ್ವನ ಹಿಂದೆ ತೊರಗಲ್ಲಿಗೆ, ಅಜ್ಜಿಯ ಊರಿಗೆ ಹೊರಟುಹೋದಳು. ಹುಡುಗರು ನನ್ನನ್ನು ಮತ್ತೆ ಆಟಕ್ಕೆ ಕರೆಯಲಿಲ್ಲ.

ಈಗ ಆ ಕೋಟು ನನ್ನ ಮೈಗೆ ಸರಿಹೋಗಿದೆ. ಸವದತ್ತಿಯಲ್ಲಿ ನಾನೂ ವಕೀಲ. ಪಕ್ಷಕಾರ ಬಂದರೆ "ಹೇಳಪ್ಪಾ" ಎಂದು ಅವನ ಮಾತು ಮುಗಿಯುವವರೆಗೆ ಸುಮ್ಮನೆ ಕೂತುಬಿಡುತ್ತೇನೆ. ಮೂಕ ವಕೀಲನೆಂದು ಊರೆಲ್ಲ ಹೆಸರು. ಇಷ್ಟು ವರ್ಷ ದೊಡ್ಡ ದೊಡ್ಡವರ ವಾದ ಕೇಳಿದ್ದೇನೆ, ನನ್ನನ್ನು ಆಟಕ್ಕೆ ಸೇರಿಸಿದ ನಿಂಗಿಯಷ್ಟು ಚಿಕ್ಕ ಮಾತಿನಲ್ಲಿ ಗೆದ್ದವರನ್ನು ಕಾಣೆ. ಸಂಜೆ ಕಚೇರಿಯ ಹೊರಗೆ ಹುಡುಗರು ಚಿಣಿಪಣಿ ಆಡುತ್ತಿರುತ್ತಾರೆ. ನಾನು ಕೋಟು ಕಳಚಿ ತೋಳ ಮೇಲೆ ಹಾಕಿಕೊಂಡು ಒಂದಿಷ್ಟು ಹೊತ್ತು ನಿಲ್ಲುತ್ತೇನೆ. "ಇವ ನಮ್ಮಾಂವ" ಎನ್ನಲು ಯಾರೂ ಬರುವುದಿಲ್ಲ.