ಮೇಜಿನ ಕೆಳಗೆ ಯೋಚಿಸುತ್ತಿದ್ದ ಚೆಸ್ ಸರ್

ನಮ್ಮ ಚೆಸ್ ಸರ್ ಬಲಗೈ ಹೆಬ್ಬೆರಳಿನ ಉಗುರನ್ನು ಅರ್ಧ ಇಂಚು ಬೆಳೆಸಿದ್ದರು. ಹಣೆ ಗಂಟಿಕ್ಕಿ, ತಲೆ ತಗ್ಗಿಸಿ ಅವರು ಯೋಚಿಸುವಾಗ ಮೇಜಿನ ಕೆಳಗೆ ಆ ಉಗುರು ಫೋನಿನ ಗಾಜಿಗೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ಆಮೇಲೆ ತಲೆಯೆತ್ತಿ, "ಸ್ವಲ್ಪ ಬುದ್ಧಿ ಓಡಸ್ರಲೇ," ಎಂದು ಉತ್ತರ ಹೇಳುತ್ತಿದ್ದರು.

ಹರಪನಹಳ್ಳಿಯ ಆ ಬೇಸಿಗೆ ಶಿಬಿರದಲ್ಲಿ ಅವರು ಬಿಡಿಸಿದ ಚೆಕ್‌ಮೇಟ್ ಸಮಸ್ಯೆಗಳು ಐವತ್ತೆಂಟು. ನನ್ನ ಡೈರಿಯ ಪ್ರಕಾರ ಉಗುರಿನ ಸದ್ದಿಲ್ಲದೆ ಬಿಡಿಸಿದ್ದು ಮೂರು. ಮೂರೂ ತಪ್ಪು.

ಕೊನೆಯ ದಿನ ಜಿಲ್ಲಾ ಪಂದ್ಯಕ್ಕೆ ಒಬ್ಬರನ್ನು ಆರಿಸಬೇಕಿತ್ತು. ಹಳೆಯ ಪುಸ್ತಕ ನೋಡಿ ಬೋರ್ಡಿನ ಮೇಲೆ ಕಾಯಿ ಜೋಡಿಸಿದರು: ಬಿಳಿಗೆ ಮೂರು ನಡೆಯಲ್ಲಿ ಚೆಕ್‌ಮೇಟ್. ಮೊದಲು ಬಿಡಿಸಿದವರಿಗೆ ಜಾಗ.

ತೆಲಿಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ ಹನ್ನೊಂದನೆಯ ನಿಮಿಷಕ್ಕೆ ಕೈಯೆತ್ತಿದಳು. "ಸಿಪಾಯಿನ ಕೊನೀ ಮನಿಗೆ ನಡಸಿ ರಾಣಿ ಮಾಡಬಾರ್ದ್ರಿ ಸರ್. ಕುದುರಿ ಮಾಡಬೇಕು."

ಪುಸ್ತಕದ ಉತ್ತರದ ಪುಟ ಹರಿದುಹೋಗಿತ್ತು. ಸರ್ ಕೂತಲ್ಲಿಂದಲೇ, ಅಂದರೆ ಕಪ್ಪಿನ ಕಡೆಯಿಂದ, ಬೋರ್ಡಿನ ಫೋಟೊ ತೆಗೆದರು. ಬಿಳಿ ಯಾವಾಗಲೂ ಕೆಳಗಿರುತ್ತದೆಂದು ನಂಬುವ ಫೋನಿನ ಚೆಸ್ ಪ್ರೋಗ್ರಾಮಿಗೆ, ಕೊನೆಯ ಮನೆಗೆ ಒಂದೇ ಹೆಜ್ಜೆ ಬಾಕಿಯಿದ್ದ ಬಿಳಿ ಸಿಪಾಯಿ ಇನ್ನೂ ಹೊರಡದೆ ನಿಂತಂತೆ ಕಂಡಿತು.

"ಇದರಾಗ ಚೆಕ್‌ಮೇಟ್ ಇಲ್ಲ. ಪುಸ್ತಕದಾಗ ತಪ್ಪು ಅಚ್ಚಾಗೇತಿ," ಎಂದರು ಸರ್.

"ಐತ್ರಿ ಸರ್. ರಾಜ ಎಲ್ಲಿಗೆ ಓಡ್ತಾನ, ನೀವ ತೋರಸ್ರಿ."

"ಏನವ್ವಾ, ಕಂಪ್ಯೂಟರ್‌ಗಿಂತ ಶಾಣ್ಯಾಕಿ ಏನ್ ನೀನು?"

"ಹಂಗಾರ ಇಷ್ಟ್ ದಿನ ನಮಗ ಕಲಿಸಿದ್ದು ಅದಾ ಏನ್ರಿ?"

ಎಲ್ಲರೂ ನಕ್ಕರು. ಸರ್ ಮುಖ ಕೆಂಪಾಯಿತು. ಆ ಪರೀಕ್ಷೆ ರದ್ದೆಂದು ಹೇಳಿ, ಹಾಜರಿ ಪುಸ್ತಕ ತೆರೆದು, ಒಂದು ದಿನವೂ ತಪ್ಪಿಸದ ನನ್ನ ಹೆಸರನ್ನು ಓದಿದರು.

ಅವರ ಪಕ್ಕದಲ್ಲೇ ಕೂತಿದ್ದ ನನಗೆ ಫೋನಿನ ಪರದೆ ಕಂಡಿತ್ತು. ಬೋರ್ಡು ತಲೆಕೆಳಗಾಗಿರುವುದೂ ತಿಳಿದಿತ್ತು. ನಾನು ಬಾಯಿ ಬಿಡಲಿಲ್ಲ. ಪಂದ್ಯಕ್ಕೆ ಹೋಗಿ ಐದು ಆಟ ಆಡಿದೆ, ಐದೂ ಸೋತೆ.

ಈ ವರ್ಷ ಸರ್ ತೀರಿಕೊಂಡರು. ಅವರ ಮನೆಯ ಮುಂದೆ ನಿಂತಿದ್ದವರು "ಭಾಳ ತಲಿ ಇದ್ದ ಮನುಷ್ಯ" ಎಂದು ಮಾತಾಡಿಕೊಳ್ಳುತ್ತಿದ್ದರು. ನನಗೆ ನಗು ಬಂತು. ಅಷ್ಟರಲ್ಲಿ ತೆಲಿಗಿಯ ಆ ಹುಡುಗಿ ಹತ್ತಿರ ಬಂದಳು.

"ಅವತ್ತು ನಂದು ಎಲ್ಲಿ ತಪ್ಪಾತು ಅಂತ ನಿನಗೇನರ ಗೊತ್ತೈತೇನು? ಆಮ್ಯಾಲ ನಾ ಬೋರ್ಡ್ ಮುಟ್ಟೇ ಇಲ್ಲ."

"ತಪ್ಪಿರಲಿಲ್ಲ. ನಿಂದ ಸರಿ ಇತ್ತು."

"ನಿನಗ್ಯಾವಾಗ ಗೊತ್ತಾತು?"

"ಅವತ್ತ."

ಆಕೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.