ರಸ್ತೆ ಕಾಣುವ ಸೀಟು

ನನ್ನ ಮಗಳು ಬಸ್ಸು ಹತ್ತಬೇಕೆಂದೇನೂ ಇರಲಿಲ್ಲ, ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ರಾಯಚೂರಿನಿಂದ ಹೊರಟ ದೇವದುರ್ಗದ ಬಸ್ಸು ಕಲ್ಮಲಾ ಮುಟ್ಟುವಷ್ಟರಲ್ಲಿ ನನ್ನ ಸೀರೆ, ಪಕ್ಕದವರ ಧೋತರ, ಕಂಡಕ್ಟರನ ಚಪ್ಪಲಿ ಎಲ್ಲಕ್ಕೂ ಪಾಲು ಸಿಕ್ಕಿರುತ್ತಿತ್ತು. ಒಂದು ಸಲವಂತೂ ನನ್ನ ತವರು ದೇವದುರ್ಗ ಮುಟ್ಟಿದ ಮಗಳು ವಾರವಿಡೀ ಮಲಗಿದಲ್ಲೇ ಮಲಗಿದಳು, ಗ್ಲೂಕೋಸ್ ಏರಿಸಬೇಕಾಯಿತು. ಮರಳಿ ಬಂದ ಮೇಲೆ ನಮ್ಮ ಅತ್ತೆ ಕಾಯಿದೆ ಮಾಡಿಬಿಟ್ಟರು: ಕೂಸು ದೊಡ್ಡದಾಗುವ ತನಕ ಬಸ್ಸಿನ ಮಾತೇ ಬೇಡ. ಕೂಸನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ? ನನಗೆ ತವರೇ ಬಂದ್ ಆದಂತಾಯಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಮ್ಮ ಮನೆಯಲ್ಲಿ ಕಾರು ಇರಲಿಲ್ಲವೆಂದಲ್ಲ. ಬಟ್ಟೆ ಅಂಗಡಿ ಇಟ್ಟಿದ್ದ ಮಾವನವರದೊಂದು ಕಾರಿತ್ತು, ಅದರಲ್ಲಿ ಮಗಳಿಗೆಂದೇ ಹೈದರಾಬಾದಿನಿಂದ ತಂದ ಪುಟ್ಟ ಸೀಟೂ ಇತ್ತು. ಯಾರದೋ ಮಕ್ಕಳು ಕೂತು ಸವೆಸಿದ ಸೀಟು. ಅದರ ಕಬ್ಬಿಣದ ಕೊಕ್ಕೆಗಳನ್ನು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸಿದರೆ ಕೂಸಿನ ಮುಖ ಗಾಜಿನ ಮಟ್ಟಕ್ಕೆ ಬರುತ್ತಿತ್ತು. ಬೆಲ್ಟುಗಿಲ್ಟಿನ ಮಾತು ಆಗ ಯಾರಿಗೂ ಗೊತ್ತಿಲ್ಲ. ಆ ಸೀಟು ಇದ್ದದ್ದು ರಸ್ತೆ ಕಾಣಲಿ ಎಂದಷ್ಟೇ, ಯಾಕೆಂದರೆ ರಸ್ತೆ ಕಂಡರೆ ನನ್ನ ಮಗಳಿಗೆ ವಾಂತಿಯಿಲ್ಲ. ಗಿಲ್ಲೆಸುಗೂರಿನ ನೆಂಟರ ಮನೆಗೆ ಅದರಲ್ಲಿ ಕೂತು ರಾಣಿಯ ಹಾಗೆ ಹೋಗಿಬರುತ್ತಿದ್ದಳು.

ಅದೇ ಕಾರಿನಲ್ಲಿ ದೇವದುರ್ಗಕ್ಕೂ ಹೋಗಬಹುದಿತ್ತಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಹೋಗಬಹುದಿತ್ತು ಯಾಕೆ, ಹೋಗಿ ನಗೆಪಾಟಲಾಗಬಹುದಿತ್ತು. ನಾಗರ ಪಂಚಮಿಗೆ ಹೆಣ್ಣುಮಗಳನ್ನು ತವರಿನವರು ಬಂದು ಕರೆದುಕೊಂಡು ಹೋಗಬೇಕು. ಗಂಡನ ಮನೆಯ ಕಾರಿನಲ್ಲಿ ತಾನಾಗಿ ಹೋಗಿ ಇಳಿದರೆ, ಕರೆಯಲು ಇವಳಿಗೆ ದಿಕ್ಕಿಲ್ಲವೇನು ಎಂದು ಓಣಿಯೇ ಬಾಗಿಲಿಗೆ ಬರುತ್ತದೆ. ನನಗೆ ಅಣ್ಣತಮ್ಮಂದಿರಿಲ್ಲ, ಕರೆಯಲು ಬರುವವನು ಅಪ್ಪನೊಬ್ಬನೇ. ಎರಡು ಪಂಚಮಿಗೆ ಅಪ್ಪ ಬಸ್ಸಿನಲ್ಲಿ ಬಂದು, ಎಳ್ಳುಂಡಿಯ ಡಬ್ಬಿ ಕೊಟ್ಟು, ಮೊಮ್ಮಗಳ ತಲೆ ಸವರಿ, ಬಸ್ಸಿನಲ್ಲೇ ವಾಪಸು ಹೋದ. ಅವನು ಓಣಿಯ ತಿರುವು ದಾಟುವ ತನಕ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಳಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅಪ್ಪ ಕಂಬಳಿ ವ್ಯಾಪಾರದವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಅರಕೇರಾದ ಕಡೆಯಿಂದ ಕಂಬಳಿ ಕೊಂಡು ಸಂತೆಯಿಂದ ಸಂತೆಗೆ ಮಾರುತ್ತಿದ್ದ. ಗಿಡ್ಡ ಮನುಷ್ಯ, ಅವ್ವನ ಭುಜದ ತನಕ ಬರುತ್ತಿದ್ದ. ಮೂರನೆಯ ವರ್ಷ ಯಾರಿಗೂ ಹೇಳದೆ ಕೇಳದೆ ಮಾನ್ವಿಯ ಅಕ್ಕಿ ವ್ಯಾಪಾರಿಯೊಬ್ಬನಿಂದ ಹಳೆಯ ಕಾರು ಕೊಂಡ. ಕಂಬಳಿ ಗಂಟು ಸಾಗಿಸಲು ಎಂದು ಊರಿಗೆಲ್ಲ ಹೇಳಿದ. ಅವ್ವನ ಮುಂದೆ ಆ ಮಾತು ನಡೆಯಲಿಲ್ಲ. ಆ ವಯಸ್ಸಿನಲ್ಲಿ ಕಾರು ಕಲಿತು, ದೇವದುರ್ಗದ ಎಮ್ಮೆಗಳಿಗೆಲ್ಲ ಜೀವಭಯ ಹುಟ್ಟಿಸಿ, ಪಂಚಮಿಗೆ ಇನ್ನೂ ಹದಿನೈದು ದಿನವಿರುವಾಗಲೇ ನಮ್ಮ ಬಾಗಿಲಲ್ಲಿ ಹಾರನ್ ಹೊಡೆದ. ಎತ್ತರ ಸಾಲದೆ ಕಂಬಳಿಯೊಂದನ್ನು ಮಡಿಚಿ ಅಡಿಗೆ ಹಾಕಿಕೊಂಡು ಕೂತಿದ್ದ. ಕಾರನ್ನು ನೋಡಿ ನಾನು ನಕ್ಕೆ, ಇಳಿದ ಅಪ್ಪನನ್ನು ನೋಡಿ ಅಳು ಬಂತು.

ಗಳಿಗೆಯಲ್ಲಿ ನನ್ನ ಚೀಲ ತಯಾರಾಯಿತು. ಅತ್ತೆ ಹೊರಗೆ ಬಂದು ಕಾರಿನೊಳಗೆ ಇಣುಕಿದರು. ಮುಂದಿನ ಸೀಟು ಬೆಂಚಿನ ಹಾಗೆ ತಗ್ಗಾಗಿತ್ತು, ತೊಡೆಯ ಮೇಲೆ ಮಗಳು ಒಂದು ಗಳಿಗೆಯೂ ನಿಲ್ಲುವವಳಲ್ಲ. ಕೂಸು ಎಲ್ಲಿ ಕೂಡುತ್ತದೆ, ರಸ್ತೆ ಹೇಗೆ ಕಾಣುತ್ತದೆ ಎಂದು ಕೇಳಿದರು. ಅಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಬೇಕಾದರೆ ನಮ್ಮ ಕಾರಿನ ಸೀಟು ಬಿಚ್ಚಿಕೊಂಡು ಹೋಗಿರೆಂದು ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಪ್ಪನ ಮುಖ ಕೆಂಪಾಯಿತು.

"ಸೀಟೂ ನಿಮ್ದ ಒಯ್ದ್ರ, ಕರಿಯಾಕ ನಾ ಬಂದಂಗ ಹ್ಯಾಂಗಾತ್ರಿ, ಅಕ್ಕಾರ?"

ಹೀಗೆ ಎರಡನೆಯ ಸೀಟಿನ ಹುಡುಕಾಟ ಶುರುವಾಯಿತು. ಆ ಮಧ್ಯಾಹ್ನವೇ ನನ್ನನ್ನೂ ಮಗಳನ್ನೂ ನಡೆಸಿಕೊಂಡು ಬಜಾರಿನಲ್ಲಿ ಗಾಡಿಗಳ ಸೀಟು ಹೊಲಿಯುವ ಅಂಗಡಿಗೆ ಹೋದ. ಅಂಗಡಿಯ ಚಾಚಾ ತಮ್ಮ ಮಗನ ಜೊತೆ ಉರ್ದುವಿನಲ್ಲಿ ಗದರಾಡುತ್ತ, ನಮ್ಮ ಜೊತೆ ಕನ್ನಡದಲ್ಲಿ ನಯವಾಗಿ ಮಾತಾಡುತ್ತ, ರೆಕ್ಸಿನ್ ತುಂಡುಗಳನ್ನು ಹರವಿದರು. ಹಸಿರು, ಕೆಂಪು, ಹುಲಿಯ ಪಟ್ಟೆಯದು. ಅಪ್ಪನಿಗೆ ಹುಲಿ ಬಹಳ ಹಿಡಿಸಿತು, ಮೊಮ್ಮಗಳ ಕೈಗೆ ಕೊಟ್ಟ. ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಹೋದದ್ದೇ ತಡ, ಅವಳು ಆ ಹುಲಿಯ ಮೇಲೆಯೇ ವಾಂತಿ ಮಾಡಿದಳು. ಪಾಪ ಚಾಚಾ, ಮಗನನ್ನು ಕೂಗಿ ನೀರು ತರಿಸಿದರು. ಅಪ್ಪ ಒಬ್ಬನೇ ದೇವದುರ್ಗಕ್ಕೆ ಹೋದ. ಚೀಲವನ್ನು ನಾನು ಬಿಚ್ಚಲಿಲ್ಲ, ಹಾಗೆಯೇ ಮಂಚದ ಕೆಳಗೆ ತಳ್ಳಿದೆ.

ಪಂಚಮಿಗೆ ಎರಡು ದಿನವಿದೆ ಎನ್ನುವಾಗ ಮತ್ತೆ ಬಂದ. ಮುಖದಲ್ಲಿ ಗೆದ್ದ ಕಳೆ. ಊರಿನ ಕಟಿಂಗ್ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಿದ್ದಾಗ, ಮಕ್ಕಳನ್ನು ಎತ್ತರಕ್ಕೆ ಕೂಡಿಸಲು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಹಲಗೆ ಅವನ ಕಣ್ಣಿಗೆ ಬಿದ್ದಿತ್ತಂತೆ. ಬಡಿಗೇರನಿಂದ ಅಂಥದೇ ಹಲಗೆ ಮಾಡಿಸಿ, ಕಾಲು ಕೊಡಿಸಿ, ನುಣ್ಣಗೆ ಪಾಲಿಶ್ ಹೊಡೆಸಿ ತಂದಿದ್ದ. ವಾಸನೆಯಿಲ್ಲ, ಎತ್ತರವಿದೆ, ಇನ್ನೇನು ಬೇಕು? ಅವನಿಗೆ ತಿಳಿಯದ ಸಂಗತಿ ಒಂದಿತ್ತು. ಆ ಬೇಸಿಗೆಯಲ್ಲಿ ಹೇನು ಹೆಚ್ಚಾದವೆಂದು ಅತ್ತೆ ನನ್ನ ಮಗಳನ್ನು ಅಂಥದೇ ಹಲಗೆಯ ಮೇಲೆ ಕೂಡಿಸಿ ಕೂದಲು ತೆಗೆಸಿದ್ದರು, ಮಶಿನ್ ಕೂದಲು ಕಚ್ಚಿ ಎಳೆದಿತ್ತು. ಹಲಗೆ ನೋಡಿದವಳೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಓಣಿ ಹಾರುವ ಹಾಗೆ ಕಿರುಚಿದಳು. ಅಪ್ಪ ಹಲಗೆ ಹಿಡಿದುಕೊಂಡು ಹತ್ತಿರ ಹೋದಷ್ಟೂ ಅವಳು ದೂರ ಓಡಿದಳು.

ಅಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಹಲಗೆ ಪಕ್ಕದಲ್ಲಿತ್ತು. ಈ ವರ್ಷವೂ ಆಗಲಿಲ್ಲ ಯವ್ವಾ ಎಂದು ಸಣ್ಣ ದನಿಯಲ್ಲಿ ಹೇಳಿದ. ನನಗೆ ಅವ್ವ ಬೇಕಾಗಿತ್ತು. ಜೋಕಾಲಿ ಬೇಕಾಗಿತ್ತು. ನಮ್ಮ ಮನೆಯ ನೀರು, ನಮ್ಮ ಮನೆಯ ಹೊಗೆ, ಒಂದು ದಿನ ಯಾರೂ ಏನೂ ಕೇಳದ ಹಾಗೆ ಮಲಗುವುದು ಬೇಕಾಗಿತ್ತು. ಇಷ್ಟು ದೊಡ್ಡ ಹೆಂಗಸಿಗೆ ಇಷ್ಟೊಂದು ಆಸೆ ಇರಬಾರದು ಎಂದು ನನ್ನನ್ನೇ ಬೈದುಕೊಂಡೆ.

ಆಗ ಹಾರನ್ ಕೇಳಿಸಿತು. ನೋಡಿದರೆ ನನ್ನ ಮಗಳು ಕಾರಿನೊಳಗೆ ಹತ್ತಿ, ಅಪ್ಪನ ಜಾಗದಲ್ಲಿ, ಅವನ ಮಡಿಚಿದ ಕಂಬಳಿಯ ಮೇಲೆ ಮೊಣಕಾಲೂರಿ ಕೂತು ಗಾಜಿನಾಚೆ ನೋಡುತ್ತಿದ್ದಳು. ಕುರಿಯ ವಾಸನೆಯ ಕಂಬಳಿಯಾದರೂ ಅವಳ ಹೊಟ್ಟೆ ತಣ್ಣಗಿತ್ತು. ಇಳಿ ಎಂದರೆ ಇಳಿಯಳು.

"ಮುತ್ಯಾನ ಕಂಬಳಿ ನಂದು," ಎಂದಳು. ಅಜ್ಜನನ್ನು ಮುತ್ಯಾ ಎಂದೇ ಕರೆಯುತ್ತಿದ್ದಳು.

ನಾವು ಅವಳನ್ನು ಕಂಬಳಿ ಸಮೇತ ಪಕ್ಕಕ್ಕೆ ಸರಿಸಿದೆವು. ಈಗ ಅಪ್ಪನಿಗೆ ರಸ್ತೆ ಕಾಣದು. ಕಾರು ತುಂಬ ಕಂಬಳಿ ಸಾಗಿಸುವ ಮನುಷ್ಯ ಅವತ್ತು ಹಬ್ಬವೆಂದು ಒಂದೂ ಗಂಟು ತಂದಿರಲಿಲ್ಲ. ಕಟ್ಟೆಯ ಬಳಿ ನಿಂತು ಎಲ್ಲ ನೋಡುತ್ತಿದ್ದ ಅತ್ತೆ ಒಳಗೆ ಹೋದರು. ಟ್ರಂಕು ತೆರೆದ ಸದ್ದಾಯಿತು. ನನ್ನ ಮದುವೆಯಲ್ಲಿ ಅಪ್ಪ ಬೀಗರಿಗೆಂದು ಉಡುಗೊರೆ ಕೊಟ್ಟಿದ್ದ ಕಂಬಳಿ, ಒಂದು ದಿನವೂ ಹೊದೆಯದೆ ಇಟ್ಟದ್ದು, ತಂದು ಅವನ ಕೈಗೆ ಕೊಟ್ಟರು.

"ಇದು ನಿಮ್ದ ಅದ, ನಮ್ಮನಿ ಸೀಟಲ್ಲ. ಈಗರ ಹೊಂಡ್ರಿ, ಹೊತ್ತಾಗಾಕತ್ತದ."

ಅವತ್ತು ನಮ್ಮ ಅತ್ತೆಯ ಕಾಲಿಗೆ ಬೀಳಬೇಕೆನಿಸಿತ್ತು, ಅವಸರದಲ್ಲಿ ಬೀಳಲಿಲ್ಲ. ದಾರಿಯುದ್ದಕ್ಕೂ ಮಗಳು ಎಮ್ಮೆ ಬಂತು, ಲಾರಿ ಬಂತು ಎಂದು ಮುತ್ಯಾನಿಗೆ ಹೇಳುತ್ತಿದ್ದಳು, ಅವನು ಹೌದೇನ್ರೀ ಎಂದು ಮರ್ಯಾದೆಯಿಂದ ಕೇಳುತ್ತಿದ್ದ. ಗಬ್ಬೂರಿನಲ್ಲಿ ಚಹಾ ಕುಡಿದೆವು. ದೇವದುರ್ಗದಲ್ಲಿ ಇಳಿದಾಗ ಅವ್ವ ಮೊದಲು ನನ್ನನ್ನಲ್ಲ, ನನ್ನ ಸೀರೆಯನ್ನು ನೋಡಿದಳು. ಅದು ಒಣಗಿಯೇ ಇತ್ತು.

ಆಮೇಲೆ ಯಾವ ಪಂಚಮಿಯೂ ತಪ್ಪಲಿಲ್ಲ. ಮಗಳು ಬೆಳೆದ ಹಾಗೆ ವರ್ಷಕ್ಕಿಷ್ಟು ಅವಳ ಕಂಬಳಿಯ ಮಡಿಕೆ ಬಿಚ್ಚುತ್ತ ಬಂದೆವು. ಅಪ್ಪನ ಬೆನ್ನು ಬಾಗುತ್ತ ಬಂತು, ಅವನದಕ್ಕೆ ಮಡಿಕೆ ಹೆಚ್ಚಾಗುತ್ತ ಹೋಯಿತು. ನಾವು ಅದನ್ನು ನೋಡಿ ನಗುತ್ತಿದ್ದೆವು, ಅವನೂ ನಗುತ್ತಿದ್ದ. ಒಂದು ವರ್ಷ ಮಗಳೇ ತನ್ನ ಕಂಬಳಿ ತೆಗೆದು ಅವನ ಕಂಬಳಿಯ ಮೇಲೆ ಹಾಕಿದಳು. ಎರಡೂ ಅಡಿಗೆ ಹಾಕಿಕೊಂಡು ಅವನು ನಮ್ಮನ್ನು ಕರೆದೊಯ್ದ. ಆ ಸಲ ನಾನು ನಗಲಿಲ್ಲ.

ಆ ಚಳಿಗಾಲದಲ್ಲಿ ಅಪ್ಪ ಹೋದ. ಕಾರನ್ನು ಮಾನ್ವಿಯವರೇ ಯಾರೋ ಒಯ್ದರು. ಮೊದಲ ವರ್ಷ ತವರಿನಲ್ಲಿ ಹಬ್ಬವಿರಲಿಲ್ಲ, ಕಾಯುವ ಕೆಲಸವೂ ಇರಲಿಲ್ಲ. ಎರಡನೆಯ ವರ್ಷ ಪಂಚಮಿ ಹತ್ತಿರ ಬಂದಾಗ ನನ್ನ ಕಿವಿ ಓಣಿಯ ಕಡೆಗೇ ಇತ್ತು. ಯಾರದೇ ಹಾರನ್ ಆದರೂ ಕೈಯ ಕೆಲಸ ನಿಲ್ಲುತ್ತಿತ್ತು. ಕರೆಯುವವರಿಲ್ಲ, ಇನ್ನು ಹೋಗುವುದಿಲ್ಲ ಎಂದು ಗೊತ್ತಿತ್ತು, ಗೊತ್ತಿದ್ದರೇನು?

ಹಬ್ಬದ ಹಿಂದಿನ ದಿನ ದೇವದುರ್ಗದ ಬಸ್ಸಿನ ಕಂಡಕ್ಟರ್ ಒಂದು ಗಂಟು ತಂದುಕೊಟ್ಟು ಹೋದ. ಅವ್ವ ಕಳಿಸಿದ್ದಳು. ಒಳಗೆ ಏನೂ ಇರಲಿಲ್ಲ, ಮೊಮ್ಮಗಳು ಮೊದಲ ದಿನ ನಂದು ಎಂದಿದ್ದ ಆ ಕಂಬಳಿಯೊಂದೇ. ಮಡಿಕೆಯ ಗೆರೆಗಳು ಹಾಗೆಯೇ ಇದ್ದವು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಪಡಸಾಲೆಯಲ್ಲಿ ಅಪ್ಪ ಬಂದಾಗ ಕೂಡುತ್ತಿದ್ದ ಕುರ್ಚಿಯ ಮೇಲೆ ಇಟ್ಟರು, ಸೆರಗು ಸರಿಮಾಡಿಕೊಂಡರು.

"ಬೀಗ್ರು ಬಂದಾರ," ಎಂದರು. "ತಯಾರಾಗು."

ಬಸ್ಸಿನಲ್ಲೇ ಹೋದೆವು. ಮಗಳು ಆಗ ನನ್ನ ಭುಜಕ್ಕೆ ಬಂದಿದ್ದಳು, ವಾಂತಿ ಯಾವಾಗಲೋ ನಿಂತಿತ್ತು. ಕಿಟಕಿಯ ಪಕ್ಕದ ಸೀಟಿನ ಮೇಲೆ ಕಂಬಳಿ ಮಡಿಚಿಟ್ಟು ಕೂಡು ಎಂದೆ.

"ನನಗ ಕಂಬಳಿ ಇಲ್ದನೂ ಕಾಣ್ತದ," ಎಂದಳು. "ನೀ ಕೂಡು ಬೇ."

ಕೂತೆ. ಬಸ್ಸಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಾನಿದ್ದೆ. ಎಮ್ಮೆ ಬಂತು, ಲಾರಿ ಬಂತು ಎಂದು ಮಗಳು ಮೆಲ್ಲಗೆ ಹೇಳುತ್ತಿದ್ದಳು. ಗಬ್ಬೂರು ದಾಟುವ ತನಕ ನನಗೆ ಮಾತ್ರ ರಸ್ತೆ ಕಾಣಲಿಲ್ಲ.